ಕಾಲು ಇಳಿಯುವ ತಿಂಗಳು

ನಮ್ಮೂರಿನಲ್ಲಿ ದೀಪಾವಳಿ ಕಳೆದ ಮೇಲೆ ಬಿಸಿಲು ಬೀಳುವುದಿಲ್ಲ. ಸೂರ್ಯ ಗುಡ್ಡದ ಆಚೆಯಿಂದಲೇ ಹಾದು ಹೋಗುತ್ತಾನೆ. ಶಿವರಾತ್ರಿಯವರೆಗೆ ಹಗಲೆಂದರೆ ಬೂದಿ ಬಣ್ಣದ ಬೆಳಕು, ಅಷ್ಟೇ. ಈ ಕಾಲಕ್ಕೆ ನಾವು ಮಬ್ಬು ಎನ್ನುತ್ತೇವೆ. ಮಬ್ಬಿನಲ್ಲಿ ಒಗೆದು ಹಾಕಿದ ಅರಿವೆ ಒಣಗುವುದಿಲ್ಲ, ಹಪ್ಪಳಕ್ಕೆ ಬೂಷ್ಟು ಬರುತ್ತದೆ, ಮತ್ತೆ ಕೆಲವರಿಗೆ ಕಾಲು ಇಳಿಯುತ್ತದೆ.

ಕಾಲು ಇಳಿದವರು ನಿಂತ ಕಡೆ ಕಲ್ಲು ತಗ್ಗಾಗುತ್ತದೆ. ಹಸಿ ಮಣ್ಣಿನಲ್ಲಿ ನಡೆದಂತೆ ಫರಸಿ ಕಲ್ಲಿನ ಮೇಲೆ ಹೆಜ್ಜೆ ಮೂಡುತ್ತದೆ. ನೋಡುವುದಕ್ಕೆ ಆ ಮನುಷ್ಯ ಮೊದಲಿನಂತೆಯೇ ಇರುತ್ತಾನೆ, ಒಮ್ಮೊಮ್ಮೆ ಮೊದಲಿಗಿಂತ ಬಡಕಲಾಗಿಯೂ ಇರುತ್ತಾನೆ. ಮನೆಯವರು ಆ ತಗ್ಗುಗಳ ಮೇಲೆ ಚಾಪೆ ಹಾಸಿಬಿಡುತ್ತಾರೆ. ನೀವು ಯಾರ ಮನೆಗೆ ಹೋದರೂ ಬಾಗಿಲ ಹಿಂದೆಯೋ ಒಲೆಯ ಬದಿಗೋ ಬೇಡದ ಜಾಗದಲ್ಲಿ ಒಂದು ಚಾಪೆ ಬಿದ್ದಿರುತ್ತದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಯಾಕೆ ಹಾಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಮಬ್ಬು ಮುಗಿಯುವ ತನಕ ಆ ಮಾತು ಆಡಬಾರದು, ಆಡಿದವರ ಬಾಯಿಂದ ಕೇಳಿದವರ ಕಾಲಿಗೆ ಹತ್ತುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕೆಲವು ಮನೆಗಳಲ್ಲಿ ಚಾಪೆಯ ಬದಲು ಸುಣ್ಣ ಬಳಿದ ಬಿಳಿ ಚಪ್ಪಡಿ ಇರುತ್ತದೆ. ಪೂರ್ತಿ ಇಳಿದು ಹೋದವರ ಜಾಗ ಅದು. ಅಂಥ ಮನೆಯವರು ಎದುರು ಬಂದರೆ ನಾವು ಕಾಯಿಪಲ್ಲೆಯ ಮಾತೆತ್ತುತ್ತೇವೆ, ಇಲ್ಲವೆ ಮಕ್ಕಳ ಪರೀಕ್ಷೆಯದು.

ನನ್ನ ಹೆಸರು ಅನಸೂಯಾ. ಗಂಡ ಮುರಿಗೆಪ್ಪ, ಅತ್ತೆ ಬಾಳವ್ವ, ನಾನು, ಮೂವರೂ ಸೇರಿ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತೇವೆ. ಪಲ್ಯ, ಸಾರು ಅತ್ತೆಯದು. ಬಡಿಸುವುದು ಗಂಡನದು. ರೊಟ್ಟಿ ನನ್ನದು. ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ ಊಟದ ಹೊತ್ತು ಮುಗಿಯುವ ತನಕ ಏಳುವ ಮಾತಿಲ್ಲ. ಅಡುಗೆಮನೆಗೂ ಊಟದ ಪಡಸಾಲೆಗೂ ನಡುವೆ ಬಾಗಿಲಿಲ್ಲ. ಕೂತಲ್ಲಿಂದಲೇ ನಾನು ಉಣ್ಣುವವರನ್ನೆಲ್ಲ ಕಾಡಿಸುತ್ತಿದ್ದೆ. ಎರಡು ರೊಟ್ಟಿಗೆ ಸಾಕೆಂದವನಿಗೆ, ನಿನ್ನ ಹೆಂಡತಿ ನನಗೆ ಬಯ್ಯುತ್ತಾಳೆ ಎಂದು ಮೂರನೆಯದನ್ನು ಎಸೆಯುತ್ತಿದ್ದೆ. ಅನಸಕ್ಕನ ರೊಟ್ಟಿಗಿಂತ ಮಾತೇ ಬಿಸಿ ಎಂದು ಜನ ನಗುತ್ತಿದ್ದರು.

ಹೀಗಿದ್ದವಳಿಗೆ ಆ ವರ್ಷ ಮಬ್ಬು ಶುರುವಾದ ಮೇಲೆ ಮಾತು ಬೇಡವಾಯಿತು. ಯಾರೂ ಸತ್ತಿರಲಿಲ್ಲ. ಮನೆಯಲ್ಲಿ ಜಗಳವಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಆ ದಿನವನ್ನು ಯಾರೋ ನನ್ನ ಎದೆಯ ಮೇಲೆ ಇಟ್ಟು ಹೋದಂತೆ ಇರುತ್ತಿತ್ತು. ಹಲ್ಲುಜ್ಜುವುದು ಕೂಡ ದೊಡ್ಡ ಕೆಲಸ. ಹಿಟ್ಟು ನಾದುತ್ತ ನಾದುತ್ತ ಕೈ ನಿಂತುಬಿಡುತ್ತಿತ್ತು, ಯಾಕೆ ನಿಂತಿತೆಂದು ನನಗೇ ತಿಳಿಯುತ್ತಿರಲಿಲ್ಲ. ಒಂದು ದಿನ ನಾನು ಕೂತಿದ್ದ ಮಣೆ ನಟ್ಟನಡುವೆ ಸೀಳಿತು. ಹಳೆಯದಾಗಿತ್ತು ಎಂದು ಗಂಡ ಹೊಸದು ತಂದುಕೊಟ್ಟ. ಮರುದಿನ ಆ ಹೊಸ ಮಣೆಯಿಂದ ಎದ್ದು ನೋಡಿದೆ. ಮಣೆ ಗಟ್ಟಿಯಾಗಿಯೇ ಇತ್ತು. ಅದರ ಕಾಲುಗಳು ಕಲ್ಲಿನೊಳಗೆ ಇಳಿದಿದ್ದವು. ಅದರ ಮುಂದೆ ನನ್ನ ಹಿಮ್ಮಡಿಗಳ ಗುರುತು, ಹುಡುಗರು ಹಿಟ್ಟಿನಲ್ಲಿ ಒತ್ತಿದ ಹಾಗೆ, ಚೊಕ್ಕವಾಗಿ ಮೂಡಿತ್ತು.

ಆಗ ಆದ ಹೆದರಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಹಿಟ್ಟಿನ ಚೀಲದ ಗೋಣಿತಟ್ಟು ಎಳೆದು ಅದರ ಮೇಲೆ ಹಾಸಿದೆ. ಹಾಸಿದ ಮೇಲೆ ಗೊತ್ತಾಯಿತು, ಇನ್ನು ನಮ್ಮ ಮನೆಯಲ್ಲೂ ಬೇಡದ ಜಾಗದಲ್ಲೊಂದು ಚಾಪೆ ಬಿತ್ತು ಎಂದು.

ಆಮೇಲೆ ನನ್ನ ಬುದ್ಧಿಯೆಲ್ಲ ಮುಚ್ಚಿಡುವುದಕ್ಕೇ ಖರ್ಚಾಯಿತು. ಸೊಂಟ ನೋವೆಂದು ಮಂಚ ಬಿಟ್ಟು ನೆಲದ ಮೇಲೆ ಮಲಗಿದೆ, ಮಂಚದ ಪಟ್ಟಿ ಮುರಿದರೆ ಗಂಡನಿಗೆ ತಿಳಿಯುತ್ತದಲ್ಲ. ಗಂಟಲು ಕೆಟ್ಟಿದೆ ಎಂದು ಮಾತು ನಿಲ್ಲಿಸಿದೆ. ಒಂದೇ ಕಡೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ನಿಂತರೆ ಇಳಿಯುತ್ತೇನೆ, ನಡೆದರೆ ಹೆಜ್ಜೆ ಬೀಳುತ್ತದೆ. ಹಿತ್ತಲಿನ ಕೆಸರಿನಲ್ಲಿ ಮಾತ್ರ ಸಮಾಧಾನ, ಅಲ್ಲಿ ಎಲ್ಲರ ಕಾಲೂ ಹೂಳುತ್ತದೆ.

ಅತ್ತೆ ಒಂದು ಬೆಳಿಗ್ಗೆ ಕಸ ಗುಡಿಸುತ್ತ ಆ ಗೋಣಿತಟ್ಟನ್ನು ಎತ್ತಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕಲ್ಲನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ತಟ್ಟನ್ನು ಮತ್ತೆ ಹಾಸಿ, ಅದರ ಮೇಲೆ ಇನ್ನೊಂದನ್ನು ತಂದು ಹಾಸಿದಳು.

"ಮುರಿಗ್ಯಾಗ ತಿಳಿಯೂದು ಬ್ಯಾಡ," ಎಂದಳು. "ಶಿವರಾತ್ರಿ ತನಕ ಹಲ್ಲು ಕಚ್ಚಿ ಹಿಡಿ. ಬಿಸಲು ಬಿದ್ರ ಹೊಕ್ಕೈತಿ."

"ಹೋಗಲಿಲ್ಲಂದ್ರ ಅತ್ತಿ?"

ಅತ್ತೆ ಆಗಲೇ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸತೊಡಗಿದಳು. ಗಟ್ಟಿ ಹೆಂಗಸು ಅವಳು, ಗಂಡ ಸತ್ತ ಮರುವಾರವೇ ಒಲೆ ಹಚ್ಚಿ ಖಾನಾವಳಿ ತೆರೆದವಳು. ಅವಳೇ ಹೀಗೆ ಹೆದರಿದ್ದು ನೋಡಿ, ನಾನು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿರಬೇಕು ಎಂದುಕೊಂಡೆ.

ಕಾಯಿಪಲ್ಲೆ ತರಲು ಪೇಟೆಗೆ ಹೋಗುವುದು ನನ್ನ ಕೆಲಸವೇ. ಬಿಟ್ಟರೆ ಸಂಶಯ ಬರುತ್ತದೆ. ಪೇಟೆಗೆ ಹೋಗುವ ದಾರಿ ಅರಿವೆ ಓಣಿ, ಪೂರಾ ಕಲ್ಲು ಹಾಸಿದ್ದು. ಆ ಓಣಿಯ ಗೋಡೆಯ ಬದಿಗೆ ಹಳೆಯ ಹೆಜ್ಜೆಗಳ ಒಂದು ಸಾಲಿದೆ. ಪೇಟೆಯ ತುದಿಯಲ್ಲಿ ಅವು ಬೆರಳು ಸವರಿದರೆ ಮಾತ್ರ ತಿಳಿಯುವಷ್ಟು ತೆಳುವು. ಓಣಿಯ ಮೇಲ್ತುದಿಗೆ ಹೋದಂತೆ ಆಳ. ಯಾರೋ ಒಬ್ಬ ಹೆಂಗಸು ಪೇಟೆಯಿಂದ ಹೊರಟು ಹೆಜ್ಜೆಹೆಜ್ಜೆಗೆ ಭಾರವಾಗುತ್ತ ಹೋಗಿ ಮೇಲ್ತುದಿಯ ದೊಡ್ಡ ಗೋಡೆಯ ಬುಡದಲ್ಲಿ ಇಳಿದು ಹೋದಳಂತೆ. ಸಣ್ಣವರಿದ್ದಾಗಿನಿಂದ ಕೇಳಿದ್ದು. ಓಣಿಯಲ್ಲಿ ಹೋಗುವಾಗ ಯಾರೂ ಆ ಕಡೆ ಮುಖ ತಿರುಗಿಸುವುದಿಲ್ಲ. ತಾಯಂದಿರು ಮಕ್ಕಳನ್ನು ಈ ಕಡೆಗೆ ಎಳೆದುಕೊಳ್ಳುತ್ತಾರೆ.

ನನಗೆ ಆ ಸಾಲು ಅನುಕೂಲವಾಯಿತು. ಆಗಲೇ ಇರುವ ತಗ್ಗಿನಲ್ಲಿ ಕಾಲಿಟ್ಟರೆ ಹೊಸ ಗುರುತು ಬೀಳುವುದಿಲ್ಲ. ಪೇಟೆಗೆ ಹೋಗುವಾಗ ಅದರಲ್ಲೇ ಒಂದೊಂದಾಗಿ ಕಾಲಿಡುತ್ತ ಹೋಗುತ್ತಿದ್ದೆ, ಬರುವಾಗ ಹಿಂದಿನ ಕೆಸರು ದಾರಿ. ಮೊದಲ ದಿನ ಆ ತಗ್ಗಿನಲ್ಲಿ ನನ್ನ ಪಾದ ಕೂತಾಗ ಮೈ ಜುಮ್ಮೆಂದಿತು. ಹಿಮ್ಮಡಿಗೆ ಹಿಮ್ಮಡಿ, ಬೆರಳಿಗೆ ಬೆರಳು, ನನಗೆಂದೇ ಅಳತೆ ತೆಗೆದು ಮಾಡಿದಂತಿತ್ತು. ದಿನಕಳೆದಂತೆ ಆ ಸತ್ತವಳು ನನ್ನನ್ನು ಗುರುತಿಸಿದ್ದಾಳೆ, ಕಾಯುತ್ತಿದ್ದಾಳೆ ಎಂದು ಅನಿಸತೊಡಗಿತು. ಹಗಲು ಹೊತ್ತು ಜನ ಓಡಾಡುವ ಓಣಿಯಲ್ಲೇ ನನಗೆ ಹೀಗೆಲ್ಲ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಚೀಲ ಹಿಡಿದು ಹೊರಟೆ. ಅರಿವೆ ಓಣಿಗೆ ಬಂದು ಪೇಟೆಯ ಕಡೆ ತಿರುಗದೆ ಮೇಲಕ್ಕೆ ತಿರುಗಿದೆ. ಆ ಹೆಜ್ಜೆಗಳ ಕೊನೆ ನೋಡಬೇಕಾಗಿತ್ತು. ಅಲ್ಲಿ ಒಬ್ಬಳು ಆಗಲೇ ಇಳಿದಿದ್ದಾಳೆ, ಕಲ್ಲು ಸಡಿಲಾಗಿರುತ್ತದೆ, ಮನೆಯಲ್ಲಿ ಆಗುವುದಕ್ಕಿಂತ ಅಲ್ಲಿ ಆದರೆ ಯಾರಿಗೂ ಸುಣ್ಣ ಬಳಿಯುವ ಕೆಲಸವಿಲ್ಲ. ಈ ಯೋಚನೆ ಬಹಳ ಶಾಂತವಾಗಿ ಬಂತು, ನಾಳೆ ಏನು ಪಲ್ಯ ಮಾಡುವುದು ಎಂಬಷ್ಟು ಸಹಜವಾಗಿ. ಅದು ನನ್ನದೇ ಯೋಚನೆ ಎಂದು ತಿಳಿದು ಹೆದರಿದೆ. ಆದರೂ ನಡೆಯುತ್ತಲೇ ಇದ್ದೆ.

ಹೆಜ್ಜೆಗಳು ಆಳವಾಗುತ್ತ ಹೋದವು. ಮೊದಲು ಪಾದ ಮುಳುಗುವಷ್ಟು, ಆಮೇಲೆ ಕಾಲಿನ ಗಂಟು ಮುಚ್ಚುವಷ್ಟು. ಗೋಡೆ ತಿರುಗಿದಲ್ಲಿ ಸಾಲು ನಿಂತಿತು. ನಾನು ಅಲ್ಲಿ ಬಿಳಿ ಚಪ್ಪಡಿ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಅಲ್ಲಿದ್ದದ್ದು ಒಂದು ಬಾಗಿಲು, ಅರಿವೆ ಅಂಗಡಿಯವರ ಮನೆಯ ಹಿಂಬಾಗಿಲು. ಹೊಸ್ತಿಲ ಕಲ್ಲಿನಲ್ಲಿ ಎಲ್ಲಕ್ಕಿಂತ ಆಳವಾದ ಒಂದು ಜೋಡಿ ತಗ್ಗು. ನಾನು ಅವುಗಳೊಳಗೆ ಎರಡೂ ಕಾಲಿಟ್ಟು ನಿಂತೆ. ನಿಂತದ್ದೇ ಇಳಿಯತೊಡಗಿದೆ. ಕಲ್ಲು ನಿಧಾನವಾಗಿ, ಬೆಣ್ಣೆಯಂತೆ, ಸರಿದು ಜಾಗ ಕೊಡುತ್ತಿತ್ತು.

ಬಾಗಿಲು ತೆರೆಯಿತು. ಒಳಗೆ ಮಂಗಳಾಬಾಯಿ ನಿಂತಿದ್ದಳು. ಅರಿವೆ ಅಂಗಡಿಯ ಯಜಮಾನತಿ, ಊರಿನಲ್ಲಿ ಯಾರೊಡನೆಯೂ ಸಿಹಿಯಾಗಿ ಮಾತಾಡಿದವಳಲ್ಲ. ನಮ್ಮಲ್ಲಿಂದ ರೊಟ್ಟಿ ತರಿಸಿದರೆ ದಪ್ಪಗಾಗಿವೆ ಎಂದು ಅರ್ಧ ವಾಪಸು ಕಳಿಸುತ್ತಿದ್ದಳು. ನಾನು ಅವಳನ್ನು ಹಿಂದಿನಿಂದ ಅಣಕಿಸಿ ಜನರನ್ನು ನಗಿಸಿದವಳು. ಅವಳು ನನ್ನ ಎರಡೂ ರಟ್ಟೆ ಹಿಡಿದಳು.

"ಆ ತಗ್ಗಿನಿಂದ ಹೊರಗ ಬಾ," ಎಂದಳು. "ಅವು ನನ್ನವು."

ನನಗೆ ತಿಳಿಯಲಿಲ್ಲ.

"ಎಳದು ಹಾಕೂ ಶಕ್ತಿ ನನಗಿಲ್ಲ. ನೀನಽ ಕಾಲು ಎತ್ತು. ಒಂದ್ ಕಾಲು ಎತ್ತು ಮೊದಲ."

ಎತ್ತಿದೆ. ಒಳಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟಳು. ನನ್ನ ಹಲ್ಲು ತಂಬಿಗೆಗೆ ಕಟಕಟ ಬಡಿಯುತ್ತಿದ್ದವು.

"ಇಳದು ಹೋದಾಕಿದು ಅಂತ ಹೇಳ್ತಾರಲ್ರಿ ಬಾಯಾರ, ಈ ಹೆಜ್ಜಿ," ಎಂದೆ.

"ಹೇಳ್ತಾರ. ನಾನೂ ಕೇಳ್ಕೊಂತ ಬಂದೀನಿ. ದಿನಾ ಅದರಾಗ ಕಾಲಿಟ್ಟು ಹೋಗ್ತೀಯಲ್ಲ, ಬೆರಳು ಯಾ ಕಡಿ ಅದಾವ ನೋಡಿಲ್ಲೇನು?"

ನಾನು ಯೋಚಿಸಿದೆ. ಪೇಟೆಯ ಕಡೆ ಮುಖ ಮಾಡಿ ನಡೆದಾಗ ಬೆರಳಿಗೆ ಬೆರಳು ಕೂಡುತ್ತಿತ್ತು. ಅಂದರೆ ಆ ಹೆಜ್ಜೆಗಳು ಪೇಟೆಯಿಂದ ಈ ಬಾಗಿಲಿಗೆ ಬಂದದ್ದಲ್ಲ, ಈ ಬಾಗಿಲಿನಿಂದ ಹೊರಟು ಪೇಟೆಗೆ ಹೋದದ್ದು. ಇಷ್ಟು ದಿನ ಅದರಲ್ಲೇ ನಡೆದೂ ನನಗೆ ಅದು ಹೊಳೆದಿರಲಿಲ್ಲ. ಊರಿಗೆ ಊರೇ ಆಳ ನೋಡಿತ್ತು, ಬೆರಳು ನೋಡಿರಲಿಲ್ಲ.

"ಮದಿವ್ಯಾಗಿ ಬಂದ ಎರಡನೇ ಮಬ್ಬಿನಾಗ ನನಗ ಇಳೀತು," ಎಂದಳು ಮಂಗಳಾಬಾಯಿ. "ನಮ್ಮ ಮಾವನವರು ಯಾವದೋ ಮದಿವಿಗೆ ಹೊಂಟೀವಿ ಅಂತ ಮಂದಿಗೆ ಸುಳ್ಳು ಹೇಳಿ, ಗುಡ್ಡದಾಚೆ ದವಾಖಾನಿಗೆ ಕರಕೊಂಡು ಹೋದ್ರು. ಗುಳಿಗಿ ಕೊಟ್ರು. ದಿನಾ ಮನಿ ಬಿಟ್ಟು ಹೊರಗ ನಡೀಬೇಕು ಅಂದ್ರು. ಮೊದಲನೇ ದಿನ ಈ ಹೊಸ್ತಿಲ ದಾಟಾಕ ಆಗಲಿಲ್ಲ, ಇಲ್ಲೇ ಅಳಕೋಂತ ನಿಂತಿದ್ದೆ. ಅದಕ್ಕ ಇಲ್ಲಿ ಅಷ್ಟು ಆಳ. ಮರುದಿನ ಎರಡು ಹೆಜ್ಜಿ. ಪೇಟಿ ಮುಟ್ಟೂದರಾಗ ಕಲ್ಲಿನಾಗ ನನ್ನ ಹೆಜ್ಜಿ ಮೂಡೂದು ನಿಂತಿತ್ತು."

"ಮತ್ತ ಯಾರಿಗೂ ಹೇಳಲಿಲ್ಲ ಯಾಕ್ರಿ?"

ಅವಳು ಸೆರಗಿನ ಅಂಚು ತಿರುವಿದಳು. "ಅಂಜಿಕಿ. ಹೇಳಿದ್ರ ಮತ್ತ ಬರತೈತೇನೋ ಅಂತ ಒಂದು, ಮಂದಿ ಮೂಗು ಮುರೀತಾರ ಅಂತ ಒಂದು. ನೀ ನನ್ನ ಹೆಜ್ಜಿಯೊಳಗ ಕಾಲಿಡೂದು ಮ್ಯಾಲಿನ ಕಿಟಕ್ಯಾಗಿಂದ ನೋಡೀನಿ. ಕರೀಬೇಕು ಅಂತ ದಿನಾ ಅಂದ್ಕೊಂಡೆ, ನಾಲಿಗಿ ಏಳಲಿಲ್ಲ. ಇವತ್ತು ನೀ ಈ ಕಡಿ ತಿರುಗಿದ್ದು ನೋಡಿ ಜೀವ ಬಾಯಿಗೆ ಬಂತು." ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು. "ಗಂಡಗ ಹೇಳೀಯೇನು?"

"ಇಲ್ಲ."

"ನಡಿ. ನಾನೂ ಬರ್ತೀನಿ."

ದಾರಿಯುದ್ದಕ್ಕೂ ನನಗೆ ಇಳಿಯುವ ಭಯಕ್ಕಿಂತ ಹೇಳುವ ಭಯವೇ ದೊಡ್ಡದಾಗಿತ್ತು. ಮುರಿಗೆಪ್ಪ ಒಳ್ಳೆಯ ಮನುಷ್ಯ. ಅದಕ್ಕೇ ಭಯ. ಅವನ ಮುಖ ಬದಲಾಗುವುದನ್ನು ನೋಡಲಾರೆ ಎನಿಸಿತು. ಖಾನಾವಳಿಯಲ್ಲಿ ತಡವಾಗಿ ಬಂದ ನಾಲ್ಕಾರು ಜನ ಊಟ ಮಾಡುತ್ತಿದ್ದರು. ಕ್ವಾರಿಯ ಲಾರಿ ಓಡಿಸುವ ದಸ್ತಗೀರನೂ ಇದ್ದ. ಮುರಿಗೆಪ್ಪ ಸಾರಿನ ಪಾತ್ರೆ ಹಿಡಿದು ನಿಂತಿದ್ದ. ಅರಿವೆ ಅಂಗಡಿಯ ಬಾಯಾರು ನಮ್ಮಲ್ಲಿಗೆ ಬಂದದ್ದು ನೋಡಿ ಎಲ್ಲರ ಕೈ ತಾಟಿನಲ್ಲಿ ನಿಂತಿತು.

"ಏನ್ರಿ," ಎಂದೆ. "ನನ್ನ ಕಾಲು ಇಳ್ಯಾಕತ್ತಾವ."

ಅತ್ತೆ ಅಡುಗೆಮನೆಯಿಂದ ಓಡಿ ಬಂದಳು. "ಬಾಯಿ ಮುಚ್ಚು. ಉಣ್ಣೂ ಮಂದಿ ಮುಂದ ಏನ್ ಮಾತದು? ಎಲ್ಲಾರಿಗೂ ಹಚ್ಚಬೇಕಂತೀಯೇನು?" ಎಂದು ನನ್ನನ್ನು ಒಳಗೆ ಎಳೆಯಲು ನೋಡಿದಳು. ಎಳೆಯಲಾಗಲಿಲ್ಲ. ನನ್ನ ಕಾಲು ಆಗಲೇ ಪಡಸಾಲೆಯ ಕಲ್ಲಿನಲ್ಲಿ ಕೂತಿತ್ತು. ಅದನ್ನು ಎಲ್ಲರೂ ನೋಡಿದರು. ಇಬ್ಬರು ತಾಟು ಬಿಟ್ಟು, ಕೈಯನ್ನೂ ತೊಳೆಯದೆ ಹೊರಗೆ ಹೋದರು.

"ಹತ್ತೂದಿದ್ರ ನನ್ನಿಂದ ಈ ಊರಿಗೆಲ್ಲ ಹತ್ತಬೇಕಾಗಿತ್ತು ಬಾಳವ್ವ," ಎಂದಳು ಮಂಗಳಾಬಾಯಿ. ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. "ಅರಿವಿ ಓಣ್ಯಾಗಿನ ಹೆಜ್ಜಿ ನನ್ನವು. ನೋಡ್ರಿ, ಬದುಕಿ ನಿಂತೀನಿ."

ಮುರಿಗೆಪ್ಪನ ಮುಖ ಬದಲಾಯಿತು. ನಾನು ಹೆದರಿದ ಹಾಗೆ ಅಲ್ಲ. ಅವನು ಸಾರಿನ ಪಾತ್ರೆ ಕೆಳಗಿಟ್ಟು, ನನ್ನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಆ ತಗ್ಗಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಯಾವಾಗಿಂದ?"

"ಮಬ್ಬು ಸುರು ಆದಾಗಿಂದ."

"ಸೊಂಟ ನೋವು ಅಂದಿದ್ದಿ," ಎಂದ. ಅಷ್ಟೇ. ಅವನ ಕಣ್ಣಲ್ಲಿ ನೀರಿತ್ತು. "ಏನ್ ಮಾಡಬೇಕ್ರಿ ಬಾಯಾರ? ನನಗ ಏನೂ ತಿಳೀವಲ್ದು."

"ಗುಡ್ಡದಾಚೆ ಕರಕೊಂಡು ಹೋಗಬೇಕು. ಇವತ್ತಽ."

ಗಾಡಿ ಯಾರು ಕೊಡುತ್ತಾರೆ? ಕಾಲು ಇಳಿದವರನ್ನು ಹತ್ತಿಸಿಕೊಂಡರೆ ಗಾಡಿಯ ಗಾಲಿ ಕೂರುತ್ತದೆ ಎಂದು ಬಸ್ಸಿನವರೂ ಹತ್ತಿಸುವುದಿಲ್ಲ. ಆಗ ದಸ್ತಗೀರ ಕೈ ತೊಳೆದು ಬಂದ. ಅವನ ಮನೆಯ ಅಂಗಳದಲ್ಲಿ ಬಿಳಿ ಚಪ್ಪಡಿ ಇರುವುದು ನಮಗೆಲ್ಲ ಗೊತ್ತಿತ್ತು. ಆ ಮಾತನ್ನು ಅವನೆಂದೂ ಎತ್ತಿರಲಿಲ್ಲ, ನಾವೂ ಕೇಳಿರಲಿಲ್ಲ.

"ಕಲ್ಲು ಹೇರೂ ಗಾಡಿ ಐತಕ್ಕ ನಂದು," ಎಂದ. "ನೀ ಏನ್ ಅದಕ್ಕ ಭಾರ? ನಮ್ಮಣ್ಣನ ಸಲುವಾಗಿ ನಮ್ಮಪ್ಪ ಊರೆಲ್ಲಾ ಗಾಡಿ ಕೇಳಿದ್ದ. ಯಾರೂ ಕೊಡಲಿಲ್ಲ. ನಡೀರಿ."

ಲಾರಿಯ ಹಿಂದೆ, ಕಬ್ಬಿಣದ ಹಲಗೆಯ ಮೇಲೆ, ನನ್ನ ಒಂದು ಕಡೆ ಮುರಿಗೆಪ್ಪ, ಇನ್ನೊಂದು ಕಡೆ ಮಂಗಳಾಬಾಯಿ. ಘಾಟಿಯ ದಾರಿ ಏರುವಾಗ ಎಂಜಿನ್ ಏದುಸಿರು ಬಿಡುತ್ತಿತ್ತು. ಒಂದು ತಿರುವಿನಲ್ಲಿ ಹಿಂದಿನ ಗಾಲಿ ರಸ್ತೆಯೊಳಗೆ ಕೂತಿತು. ಲಾರಿ ನಿಧಾನವಾಗಿ ಹಿಂದಕ್ಕೆ, ಕಣಿವೆಯ ಅಂಚಿನ ಕಡೆ ಸರಿಯತೊಡಗಿತು. ನನ್ನಿಂದ ಇವರೆಲ್ಲ ಸಾಯುತ್ತಾರೆ ಎಂದುಕೊಂಡೆ.

"ನನ್ನ ಇಳಸ್ರಿ," ಎಂದೆ. "ನನ್ನ ಇಲ್ಲೇ ಬಿಟ್ಟು ಹೋಗ್ರಿ."

"ಸುಮ್ಮನ ಕುಂದ್ರು," ಎಂದ ಮುರಿಗೆಪ್ಪ. ಅವನಿಗೂ ಹೆದರಿಕೆಯಾಗಿತ್ತು. ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದ. ದಸ್ತಗೀರ ಕೆಳಗಿಳಿದು ಗಾಲಿಗೆ ಕಲ್ಲು ಕೊಟ್ಟ, ಮತ್ತೆ ಹತ್ತಿದ, ಗೇರ್ ಹಾಕಿದ. ಲಾರಿ ಒಮ್ಮೆ ನಡುಗಿ ಮೇಲೆ ಬಂತು. ಗುಡ್ಡದ ನೆತ್ತಿ ದಾಟಿದಾಗ ಬಿಸಿಲು ಮುಖಕ್ಕೆ ಬಿತ್ತು. ಅದು ಬೆಚ್ಚಗಿತ್ತು, ಅಷ್ಟೇ. ಒಳಗೆ ಏನೂ ಆಗಲಿಲ್ಲ. ಬಿಸಿಲಿಗೂ ಏನೂ ಆಗದಿದ್ದರೆ ಇನ್ನು ಯಾವುದರಿಂದ ಆಗಬೇಕು ಎಂದು ಮತ್ತಷ್ಟು ಹೆದರಿದೆ.

ದವಾಖಾನೆಯ ನೆಲದ ತುಂಬ ಹೆಜ್ಜೆಗಳಿದ್ದವು. ಯಾವುದರ ಮೇಲೂ ಚಾಪೆ ಹಾಸಿರಲಿಲ್ಲ. ಡಾಕ್ಟರಮ್ಮ ಬೇರೆ ಸೀಮೆಯವಳು, ವಯಸ್ಸಾದವಳು, ನಮ್ಮ ಕಡೆಯ ಮಾತು ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡು ಕೇಳಿದಳು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತಾ. ಆಮೇಲೆ ಅದೇ ದನಿಯಲ್ಲಿ, "ಸಾಯಬೇಕು ಅಂತ ಅನ್ನಿಸಿದೆಯಾ?" ಎಂದಳು.

ಆ ಪ್ರಶ್ನೆಯನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೌದು ಎಂದೆ. ಅರಿವೆ ಓಣಿಯ ಹೊಸ್ತಿಲಿನಲ್ಲಿ ನಿಂತದ್ದನ್ನು ಹೇಳಿದೆ. ಹೇಳಿ ಮುಗಿಸುವವರೆಗೆ ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ, ಬೆಚ್ಚಿ ಬೀಳಲೂ ಇಲ್ಲ.

"ಇದು ಕಾಯಿಲೆ," ಎಂದಳು. "ನೀವು ಮಾಡಿದ ತಪ್ಪಲ್ಲ. ಹಲ್ಲು ಕಚ್ಚಿ ಹಿಡಿದರೆ ಹೋಗುವಂಥದ್ದೂ ಅಲ್ಲ. ಮಾತ್ರೆ ಕೊಡ್ತೀನಿ, ವಾರಕ್ಕೊಮ್ಮೆ ಬಂದು ನನ್ನ ಹತ್ತಿರ ಮಾತಾಡಬೇಕು. ನಾಳೆಯೇ ಸರಿಹೋಗಲ್ಲ. ಮೊದಮೊದಲು ಏನೂ ಆಗ್ತಿಲ್ಲ ಅನ್ನಿಸುತ್ತೆ. ಆಗ ನಿಲ್ಲಿಸಬೇಡಿ. ಸಾಯೋ ಯೋಚನೆ ಮತ್ತೆ ಬಂದರೆ ಒಬ್ಬರೇ ಇರಬೇಡಿ, ಪಕ್ಕದಲ್ಲಿರೋರಿಗೆ ಹೇಳಿ, ಎಷ್ಟು ಹೊತ್ತಾದರೂ ಇಲ್ಲಿಗೆ ಬನ್ನಿ." ಮುರಿಗೆಪ್ಪನನ್ನು ಕರೆದು, ಕೆಲವು ದಿನ ನನ್ನನ್ನು ಒಂಟಿಯಾಗಿ ಬಿಡಬಾರದು ಎಂದಳು.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು, ಏನೂ ಆಗಲಿಲ್ಲ. ಗುಳಿಗೆ ನುಂಗಿದೆ, ಬಾಯಿ ಒಣಗಿತು, ಕಾಲು ಇಳಿಯುತ್ತಲೇ ಇತ್ತು. ಮುರಿಗೆಪ್ಪ ಮನೆಯ ಒಳಬಾಗಿಲುಗಳನ್ನೆಲ್ಲ ಕಳಚಿ ನನ್ನ ಓಡಾಟದ ದಾರಿಗೆ ಹಾಸಿದ. ಊಟಕ್ಕೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಅತ್ತೆ ನನ್ನೊಡನೆ ಮಾತು ಬಿಟ್ಟಳು. ನನ್ನ ತಟ್ಟೆಯನ್ನು ದೂರದಿಂದ ತಳ್ಳಿ ಹೋಗುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ನನಗಿರಲಿಲ್ಲ.

ಅದರ ನಡುವೆ ಒಂದು ಕೆಟ್ಟ ದಿನ ಬಂತು. ಮಧ್ಯಾಹ್ನ ಗೋಡೆಗೊರಗಿ ಕೂತವಳು ಎದ್ದು ನಿಂತೆ, ಕಾಲ ಕೆಳಗಿನ ಬಾಗಿಲ ಹಲಗೆ ಒಡೆದು ಮೊಣಕಾಲಿನವರೆಗೆ ನೆಲದೊಳಗೆ ಹೋದೆ. ನೋವಿರಲಿಲ್ಲ. ಕೆಳಗೆ ತಣ್ಣಗೆ, ಸದ್ದಿಲ್ಲದೆ, ಬಹಳ ಆರಾಮಾಗಿ ಇದ್ದಂತಿತ್ತು. ಅದೇ ಎಲ್ಲಕ್ಕಿಂತ ಭಯಂಕರ. ಡಾಕ್ಟರಮ್ಮ ಹೇಳಿದ್ದು ನೆನಪಾಗಿ, ಇರುವಷ್ಟು ಉಸಿರು ಕೂಡಿಸಿ ಕೂಗಿದೆ. "ಮತ್ತ ಆ ಯೋಚನಿ ಬರಾಕತ್ತೈತಿ."

ಮುರಿಗೆಪ್ಪ ಓಡಿ ಬಂದು ಕಂಕುಳಲ್ಲಿ ಕೈ ಹಾಕಿ ಹಿಡಿದ. ಒಬ್ಬನಿಂದ ಆಗಲಿಲ್ಲ. ಇನ್ನೊಂದು ಕಡೆಯಿಂದ ಒಂದು ಕೈ ಬಂತು. ನೋಡಿದರೆ ಅತ್ತೆ. ಮುಖ ಬಿಳುಚಿಕೊಂಡಿತ್ತು, ಹೊಸ್ತಿಲ ಆಚೆಯೇ ಕಾಲು ಇಟ್ಟು, ಮೈಯನ್ನಷ್ಟೇ ಈಚೆ ಚಾಚಿ, ನನ್ನ ರಟ್ಟೆ ಹಿಡಿದಿದ್ದಳು. ಮಂಗಳಾಬಾಯಿಗೆ ಹೇಳಿ ಕಳಿಸಿದರು. ದಸ್ತಗೀರ ಬಂದ. ಯಾರೂ ದೊಡ್ಡ ಮಾತಾಡಲಿಲ್ಲ. ಹಿಡಿದುಕೊಂಡು ಕೂತರು. ಅವರ ಕೈ ಸೋತಾಗ ಒಬ್ಬರ ಜಾಗಕ್ಕೆ ಒಬ್ಬರು ಬರುತ್ತಿದ್ದರು. ಮಂಗಳಾಬಾಯಿ ರೊಟ್ಟಿ ಹೇಗೆ ತೆಳ್ಳಗಿರಬೇಕು ಎಂದು ಗೊಣಗುತ್ತ ಕೂತಿದ್ದಳು. ಸಂಜೆಯ ಹೊತ್ತಿಗೆ ನಾನು ಇಳಿಯುವುದು ನಿಂತಿತು. ಮೇಲೆ ಬರಲಿಲ್ಲ, ನಿಂತಿತು. ಆಮೇಲೆ ದಸ್ತಗೀರ ಹಾರೆಯಿಂದ ಸುತ್ತಲಿನ ಕಲ್ಲು ಬಿಡಿಸಿ ನನ್ನನ್ನು ಎತ್ತಿ, ಅದೇ ಲಾರಿ ಹತ್ತಿಸಿದ. ಡಾಕ್ಟರಮ್ಮ ಗುಳಿಗೆ ಬದಲಿಸಿ ಕೆಲವು ದಿನ ಅಲ್ಲೇ ಇರಿಸಿಕೊಂಡಳು.

ಶಿವರಾತ್ರಿಗೆ ಬಿಸಿಲು ಬಂತು. ಊರೆಲ್ಲ ಬಯಲಿಗೆ ಹೋಗಿ ಕುಣಿಯಿತು. ನಾನು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಕಟ್ಟೆ ಇನ್ನೂ ತುಸು ತಗ್ಗುತ್ತಿತ್ತು. ಬಿಸಿಲು ಬಿತ್ತಲ್ಲ, ಇನ್ನೂ ಹೋಗಲಿಲ್ಲವೇ ಎಂದು ಕೇಳಿದವರಿಗೆ ಮುರಿಗೆಪ್ಪನೇ, "ಇಲ್ಲ, ಗುಳಿಗಿ ನಡದಾವ. ಟೈಮ್ ಹಿಡಿತೈತಿ," ಎನ್ನುತ್ತಿದ್ದ. ಗಾಡಿ ಕೆಟ್ಟಿದೆ ಎಂದು ಹೇಳುವಷ್ಟೇ ಸಲೀಸಾಗಿ ಕಾಲಿನ ವಿಷಯ ಹೇಳುತ್ತಿದ್ದ. ದಿನಾ ಸಂಜೆ ನಾನು ಮಂಗಳಾಬಾಯಿಯ ಜೊತೆ ನಡೆಯುತ್ತಿದ್ದೆ. ಯಾವ ದಿನ ಹಗುರಾದೆ ಎಂದು ಕೇಳಿದರೆ ಹೇಳಲಾರೆ. ಬೇಸಿಗೆಯಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ, ಪಡಸಾಲೆಯಲ್ಲಿ ಯಾರೋ ಪಲ್ಯಕ್ಕೆ ಖಾರ ಸಾಲದು ಎಂದರು. ಖಾರ ಬೇಕಿದ್ದರೆ ಮನೆಗೆ ಹೋಗಿ ಹೆಂಡತಿಯ ಬೈಗುಳ ತಿನ್ನಿ ಎಂದೆ. ಜನ ನಕ್ಕರು. ಆ ನಗುವಿನಲ್ಲಿ ನಾನೂ ಇದ್ದೆ ಎಂದು ಆಮೇಲೆ ಗೊತ್ತಾಯಿತು.

ಮುಂದಿನ ದೀಪಾವಳಿ ಬಂದಾಗ ನನಗೆ ಮತ್ತೆ ಹೆದರಿಕೆಯಾಯಿತು. ಗುಡ್ಡದ ನೆರಳು ಬಸ್ ಸ್ಟ್ಯಾಂಡಿನವರೆಗೆ ಬಂದಿತ್ತು. ಗುಳಿಗೆ ಬಿಟ್ಟಿರಲಿಲ್ಲ. ಮಬ್ಬು ಕೂಡುವ ಮೊದಲೇ ಬಂದು ತೋರಿಸಿ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದ್ದಳು, ಹೋಗಿ ಬಂದಿದ್ದೆ. ದಿನಾ ಬೆಳಿಗ್ಗೆ ಮಣೆಯಿಂದ ಎದ್ದು ತಿರುಗಿ ಕಲ್ಲು ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ.

ಮಬ್ಬು ಕೂಡಿ ಬಹಳ ದಿನವಾಗಿರಲಿಲ್ಲ. ಮಧ್ಯಾಹ್ನ ಪಡಸಾಲೆ ತುಂಬಿತ್ತು. ನಾನು ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ. ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅವಳು ಆ ಹೊತ್ತಿಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿರಬೇಕಾಗಿತ್ತು. ಬೀಗರ ಮನೆಗೆ ಹೊರಟವಳಂತೆ ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಒಂದು ಬಟ್ಟೆಗಂಟು ಹಿಡಿದಿದ್ದಳು.

"ಎಲ್ಲಿಗೆ ಹೊಂಟ್ರಿ ಅತ್ತಿ?"

"ಗುಡ್ಡದಾಚೆ."

"ಯಾರನ್ನ ಕರಕೊಂಡು?"

ಅತ್ತೆ ಕೆಳಗೆ ನೋಡಿಕೊಂಡಳು. ಅವಳು ನಿಂತ ಕಲ್ಲಿನ ಅಂಚಿನಲ್ಲಿ ಸಣ್ಣಗೆ ಪುಡಿ ಏಳುತ್ತಿತ್ತು. "ನನ್ನ ಕರಕೊಂಡು ಹೋಗಬೇಕು ನೀ," ಎಂದಳು. "ಹ್ವಾದ ವರ್ಷ ನಿನ್ನಿಂದ ಹತ್ತಿದ್ದಲ್ಲ ಇದು. ಮುರಿಗ್ಯಾ ಹೊಟ್ಟ್ಯಾಗಿದ್ದಾಗಿಂದ ಬಂದು ಹೋಗಿ ಮಾಡತೈತಿ. ನೀ ಆಗ ಎಲ್ಲಾರ ಮುಂದ ಹೇಳಿದಿ ನೋಡು, ಅವತ್ತು ನಾ ನಿನಗ ಅಂಜಿರಲಿಲ್ಲ. ನಂದೂ ಬಾಯಾಗ ಬಂದುಬಿಡತೈತಿ ಅಂತ ಅಂಜಿದ್ದೆ."

ನಾನು ಎದ್ದು ಅವಳ ಕೈಯಿಂದ ಗಂಟು ತೆಗೆದುಕೊಂಡೆ. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಯಾರೂ ತಾಟು ಬಿಟ್ಟು ಹೋಗಲಿಲ್ಲ.

"ರೊಟ್ಟಿ ಮುಗಿಸು ಬೇಕಾದ್ರ," ಎಂದಳು ಅತ್ತೆ. "ನಾ ನಿಲ್ತೀನಿ."

"ನಿಲ್ಲೂದು ಬ್ಯಾಡ್ರಿ," ಎಂದೆ. ಹಂಚು ಇಳಿಸಿ, ಉರಿಯುವ ಕಟ್ಟಿಗೆ ಹಿಂದಕ್ಕೆಳೆದು, ಪಡಸಾಲೆಯ ಕಡೆ ತಿರುಗಿ ಗಂಡನನ್ನು ಕರೆದೆ.